ವಿಟಮಿನ್ ಡಿ ರಿಪೋರ್ಟಿನ ಸಂಖ್ಯೆಯನ್ನು ಎಷ್ಟು ನಂಬಬಹುದು?

ಈಗ ‘ಫುಲ್ ಬಾಡಿ ಚೆಕಪ್’ ಅಂದರೆ ಅದರಲ್ಲಿ ವಿಟಮಿನ್ ಡಿ ಪರೀಕ್ಷೆಯೂ ಇರುವುದು ಮಾಮೂಲಿ. ರಿಪೋರ್ಟ್ ಮೊಬೈಲಿಗೇ ಬರುತ್ತದೆ. 18.4 (ಒಂದು ಮಿಲಿಲೀಟರ್ ರಕ್ತಕ್ಕೆ ಇಷ್ಟು ನ್ಯಾನೋಗ್ರಾಂ) ಅಂತ ಇರುತ್ತದೆ, ಪಕ್ಕದಲ್ಲಿ ಕೆಂಪಕ್ಷರದಲ್ಲಿ ‘ಕೊರತೆ’. ಮನೆಯವರಿಗೆಲ್ಲ ಗಾಬರಿ. ಸಂಜೆಯೊಳಗೆ ಮೆಡಿಕಲ್ ಶಾಪಿನಿಂದ 60,000 ಯೂನಿಟ್ಟಿನ ಸ್ಯಾಶೆ ಬಂದಿರುತ್ತದೆ. ಆದರೆ ಅದೇ ರಕ್ತವನ್ನು ಎರಡು ಪಾಲು ಮಾಡಿ ಒಂದನ್ನು ಬೇರೆ ಲ್ಯಾಬಿಗೆ ಕೊಟ್ಟಿದ್ದರೆ 22 ಬಂದಿರಬಹುದಿತ್ತು. ಆಗ ‘ಕೊರತೆ’ ಅನ್ನುವ ಪದವೇ ಇರುತ್ತಿರಲಿಲ್ಲ. ಹೀಗಾದಾಗ ಯಾವುದೋ ಒಂದು ಲ್ಯಾಬ್ ಮೋಸ ಮಾಡಿದೆ ಎಂದುಕೊಳ್ಳಬೇಕಿಲ್ಲ. ಎರಡೂ ಕಡೆ ಕೆಲಸ ಸರಿಯಾಗಿಯೇ ನಡೆದಿರಬಹುದು.

ಹಾಗಾದರೆ ವ್ಯತ್ಯಾಸ ಎಲ್ಲಿಂದ ಬಂತು? ಸ್ವಲ್ಪ ಆ ಅಣುವಿನ ಗುಣದಿಂದ, ಸ್ವಲ್ಪ ಅಳೆಯುವ ವಿಧಾನದಿಂದ. ಇನ್ನು ‘ಕೊರತೆ’ ಎಂಬ ಗಾಬರಿ ಹುಟ್ಟಿದ್ದು ತಜ್ಞರು ಹಾಕಿದ ಒಂದು ಗೆರೆಯಿಂದ. ಇವನ್ನು ಬೇರೆ ಬೇರೆಯಾಗಿ ನೋಡಿದರೆ ರಿಪೋರ್ಟ್ ಓದುವ ರೀತಿಯೇ ಬದಲಾಗುತ್ತದೆ.

ಮೊದಲು, ಲ್ಯಾಬಿನವರು ಅಳೆಯುವುದು ಏನನ್ನು? ಬಿಸಿಲಿನಲ್ಲಿರುವ ಯುವಿಬಿ ಕಿರಣಗಳು ಚರ್ಮಕ್ಕೆ ಬಿದ್ದಾಗ ಅಲ್ಲಿರುವ, ಕೊಲೆಸ್ಟೆರಾಲ್ ಜಾತಿಗೆ ಸೇರಿದ ಒಂದು ಪದಾರ್ಥ ಬದಲಾಗಿ ವಿಟಮಿನ್ ಡಿ3 ಆಗುತ್ತದೆ. ಇದು ರಕ್ತದಲ್ಲಿ ಲಿವರ್‌ಗೆ ಹೋಗುತ್ತದೆ. ಅಲ್ಲಿ ಅದಕ್ಕೊಂದು ಆಮ್ಲಜನಕ-ಜಲಜನಕದ ಜೋಡಿ ಸೇರಿ ‘25-ಹೈಡ್ರಾಕ್ಸಿ ವಿಟಮಿನ್ ಡಿ’ ಆಗುತ್ತದೆ. ಮುಂದೆ ಕಿಡ್ನಿಯಲ್ಲಿ ಇನ್ನೊಂದು ಜೋಡಿ ಸೇರಿದಾಗ ಸಿಗುವುದು ಕ್ಯಾಲ್ಸಿಟ್ರಯಾಲ್. ಕರುಳಿನಲ್ಲಿ ಕ್ಯಾಲ್ಸಿಯಂ ಹೀರಿಕೊಳ್ಳುವಂತೆ ಮಾಡುವ ಅಸಲಿ ಹಾರ್ಮೋನ್ ಈ ಕ್ಯಾಲ್ಸಿಟ್ರಯಾಲ್.

ಕೆಲಸ ಮಾಡುವುದು ಅದೇ ಆದರೆ ಅದನ್ನೇ ಅಳೆದರಾಯಿತು, ಅಲ್ವಾ? ಹಾಗೆ ಮಾಡಿದರೆ ದಾರಿ ತಪ್ಪುತ್ತೇವೆ. ವಿಟಮಿನ್ ಡಿ ಕಡಿಮೆಯಾಗಿ ಕ್ಯಾಲ್ಸಿಯಂ ಇಳಿಯತೊಡಗಿದ ಕೂಡಲೇ ಕತ್ತಿನಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಎಚ್ಚೆತ್ತು ತಮ್ಮ ಹಾರ್ಮೋನನ್ನು ಜಾಸ್ತಿ ಬಿಡುತ್ತವೆ. ಆ ಹಾರ್ಮೋನ್ ಕಿಡ್ನಿಯಿಂದ ಇನ್ನಷ್ಟು ಕ್ಯಾಲ್ಸಿಟ್ರಯಾಲ್ ಮಾಡಿಸುತ್ತದೆ. ಹಾಗಾಗಿ ದೇಹದಲ್ಲಿ ವಿಟಮಿನ್ ಡಿ ದಾಸ್ತಾನು ಖಾಲಿಯಾಗುತ್ತಿದ್ದರೂ ಕ್ಯಾಲ್ಸಿಟ್ರಯಾಲ್ ಸರಿಯಾಗಿ, ಕೆಲವೊಮ್ಮೆ ಜಾಸ್ತಿಯಾಗಿಯೇ ಕಾಣುತ್ತದೆ. ಅದು ರಕ್ತದಲ್ಲಿ ಉಳಿಯುವುದೂ ಕೆಲವೇ ಗಂಟೆ. 25-ಹೈಡ್ರಾಕ್ಸಿ ರೂಪ ಹಾಗಲ್ಲ. ಅದರ ಪ್ರಮಾಣ ಅರ್ಧಕ್ಕಿಳಿಯಲು ಎರಡು ಮೂರು ವಾರ ಬೇಕು. ಕಳೆದ ಕೆಲವು ವಾರಗಳ ಬಿಸಿಲು, ಊಟ, ಮಾತ್ರೆ ಎಲ್ಲದರ ಒಟ್ಟು ಲೆಕ್ಕ ಅದರಲ್ಲಿ ಸಿಗುತ್ತದೆ. ಆದ್ದರಿಂದ ಪರೀಕ್ಷೆ ಬರೆಸುವಾಗ ‘25-ಹೈಡ್ರಾಕ್ಸಿ’ ಎಂದಿದೆಯೇ ನೋಡಿಕೊಳ್ಳಿ. ‘1,25’ ಎಂದಿದ್ದರೆ ಅದು ಕ್ಯಾಲ್ಸಿಟ್ರಯಾಲ್ ಅಳೆಯುವ ಬೇರೆ ಪರೀಕ್ಷೆ. ಕಿಡ್ನಿ ಕಾಯಿಲೆ, ಸಾರ್ಕಾಯ್ಡೋಸಿಸ್‌ನಂಥ (ಅಂಗಾಂಗಗಳಲ್ಲಿ ಉರಿಯೂತದ ಸಣ್ಣ ಗಂಟುಗಳಾಗುವ ಕಾಯಿಲೆ) ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ಅರ್ಥವಿದೆ.

ಒಂದು ಸಮಾಧಾನದ ವಿಷಯ ಹೇಳಿಬಿಡುತ್ತೇನೆ. 25-ಹೈಡ್ರಾಕ್ಸಿ ವಿಟಮಿನ್ ಡಿ ಗಟ್ಟಿ ಅಣು. ರಕ್ತ ತೆಗೆದ ಮೇಲೆ ಬೇಗ ಕೆಡುವುದಿಲ್ಲ. ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ, ಬೆಳಗ್ಗೆಯೇ ಹೋಗಬೇಕೆಂದೂ ಇಲ್ಲ. ತೊಡಕು ಶುರುವಾಗುವುದು ಸ್ಯಾಂಪಲ್ ಯಂತ್ರದೊಳಗೆ ಹೋದ ಮೇಲೆ.

ಅಳೆಯಬೇಕಾದ ಪ್ರಮಾಣವೇ ತೀರಾ ಸಣ್ಣದು. ಒಂದು ಮಿಲಿಲೀಟರಿಗೆ 20 ನ್ಯಾನೋಗ್ರಾಂ ಅಂದರೆ ತೂಕದಲ್ಲಿ ನೂರು ಕೋಟಿಗೆ ಸುಮಾರು 20 ಪಾಲು. ಜೊತೆಗೆ ಅದು ಜಿಡ್ಡಿನ ಜಾತಿಯದು, ನೀರಿನಲ್ಲಿ ಕರಗುವುದಿಲ್ಲ. ರಕ್ತದಲ್ಲಿ ಓಡಾಡಬೇಕಾದರೆ ಪ್ರೋಟೀನಿನ ಆಸರೆ ಬೇಕು. ಸುಮಾರು 85ರಿಂದ 90% ಭಾಗ ‘ವಿಟಮಿನ್ ಡಿ ಬೈಂಡಿಂಗ್ ಪ್ರೋಟೀನ್’ ಎಂಬುದಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಆಲ್ಬುಮಿನ್ ಎಂಬ ಪ್ರೋಟೀನಿನ ಜೊತೆ ಸಡಿಲವಾಗಿ ಇರುತ್ತದೆ. ಯಾವ ಆಸರೆಯೂ ಇಲ್ಲದೆ ಬಿಡಿಯಾಗಿರುವುದು 1% ಕೂಡ ಇಲ್ಲ. ಅಳೆಯಬೇಕಾದರೆ ಮೊದಲು ಈ ಹಿಡಿತ ಬಿಡಿಸಬೇಕು. ಪೂರ್ತಿ ಬಿಡಿಸಲಾಗದಿದ್ದರೆ ಲೆಕ್ಕ ತಪ್ಪುತ್ತದೆ.

ದೊಡ್ಡ ಲ್ಯಾಬುಗಳಲ್ಲಿ ದಿನಕ್ಕೆ ನೂರಾರು ಸ್ಯಾಂಪಲ್ ನೋಡುವ ಸ್ವಯಂಚಾಲಿತ ಯಂತ್ರಗಳಿರುತ್ತವೆ. ಇವು ಬಳಸುವ ವಿಧಾನಕ್ಕೆ ಇಮ್ಯುನೊಅಸ್ಸೇ ಎನ್ನುತ್ತಾರೆ. ಬಸ್ಸಿನ ಸೀಟುಗಳನ್ನು ನೆನಪಿಸಿಕೊಂಡರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪರೀಕ್ಷೆಯ ಕಿಟ್‌ನಲ್ಲಿ ವಿಟಮಿನ್ ಡಿಯನ್ನು ಹಿಡಿಯುವ ಪ್ರತಿಕಾಯಗಳಿರುತ್ತವೆ. ಅವುಗಳಲ್ಲಿ ಸೀಟುಗಳು ಇಷ್ಟೇ ಎಂದು ನಿಗದಿ. ಬೆಳಕು ಕೊಡುವ ಗುರುತು ಅಂಟಿಸಿದ ಒಂದಷ್ಟು ವಿಟಮಿನ್ ಡಿಯನ್ನು ಲ್ಯಾಬಿನವರೇ ಸೇರಿಸುತ್ತಾರೆ. ನಿಮ್ಮ ರಕ್ತದ್ದು ಮತ್ತು ಗುರುತಿನದ್ದು ಎರಡೂ ಸೀಟಿಗಾಗಿ ಪೈಪೋಟಿ ಮಾಡುತ್ತವೆ. ರಕ್ತದಲ್ಲಿ ಜಾಸ್ತಿ ಇದ್ದರೆ ಗುರುತಿನದ್ದಕ್ಕೆ ಸೀಟು ಕಡಿಮೆ ಸಿಗುತ್ತದೆ, ಬೆಳಕೂ ಕಡಿಮೆಯಾಗುತ್ತದೆ. ಕಡಿಮೆ ಬೆಳಕು ಎಂದರೆ ಹೆಚ್ಚು ವಿಟಮಿನ್ ಡಿ ಎಂದು ಯಂತ್ರ ಲೆಕ್ಕ ಹಾಕುತ್ತದೆ.

ಸಮಸ್ಯೆ ಏನೆಂದರೆ, ಪ್ರತಿಕಾಯಗಳೂ ಪ್ರೋಟೀನ್‌ಗಳೇ. ರಕ್ತದ ಪ್ರೋಟೀನಿನ ಹಿಡಿತ ಬಿಡಿಸಲು ಪ್ರಬಲವಾದ ದ್ರಾವಕ ಹಾಕಿದರೆ ಪ್ರತಿಕಾಯಗಳೂ ಹಾಳಾಗುತ್ತವೆ. ಹಾಗಾಗಿ ಈ ಯಂತ್ರಗಳು ಆಮ್ಲೀಯತೆ ಬದಲಿಸುವಂಥ ಮೃದು ಉಪಾಯಗಳನ್ನು ನಂಬಬೇಕು. ಆರೋಗ್ಯವಂತರ ರಕ್ತದಲ್ಲಿ ಇದು ಬಹುಮಟ್ಟಿಗೆ ಸರಿ ಹೋಗುತ್ತದೆ. ಗರ್ಭಿಣಿಯರಲ್ಲಿ ಬೈಂಡಿಂಗ್ ಪ್ರೋಟೀನ್ ಏರಿರುತ್ತದೆ. ಡಯಾಲಿಸಿಸ್‌ನಲ್ಲಿರುವವರ, ಐಸಿಯುನಲ್ಲಿರುವವರ ರಕ್ತವೂ ಬೇರೆ ಥರ ಇರುತ್ತದೆ. ಇಂಥವರ ಸ್ಯಾಂಪಲ್‌ನಲ್ಲಿ ಕೆಲವು ಯಂತ್ರಗಳು ನಿಜಕ್ಕಿಂತ ಜಾಸ್ತಿ, ಕೆಲವು ಕಡಿಮೆ ತೋರಿಸುತ್ತವೆ. ನೆದರ್ಲೆಂಡ್ಸ್‌ನ ಸಂಶೋಧಕರು 2012ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ಬೈಂಡಿಂಗ್ ಪ್ರೋಟೀನ್ ಎಷ್ಟಿದೆ ಎಂಬುದರ ಮೇಲೆ ಯಂತ್ರದ ತಪ್ಪೂ ಬದಲಾಗುತ್ತಿತ್ತು.

ಇನ್ನೊಂದು ವಿಧಾನ ಅಣುವಿನ ತೂಕ ನೋಡಿ ಗುರುತಿಸುವುದು. ಇದಕ್ಕೆ ಮಾಸ್ ಸ್ಪೆಕ್ಟ್ರೋಮೆಟ್ರಿ ಎಂದು ಹೆಸರು, ರಿಪೋರ್ಟಿನಲ್ಲಿ ‘ಎಲ್‌ಸಿ-ಎಂಎಸ್/ಎಂಎಸ್’ ಎಂದು ಬರೆದಿರುತ್ತಾರೆ. ಇಲ್ಲಿ ಪ್ರತಿಕಾಯಗಳಿಲ್ಲ. ಆದ್ದರಿಂದ ಪ್ರಬಲವಾದ ದ್ರಾವಕ ಹಾಕಿ ಪ್ರೋಟೀನನ್ನೆಲ್ಲ ಒಡೆದು ಕೆಳಗೆ ಕೂರಿಸಬಹುದು. ಬಿಡಿಯಾದ ಅಣುಗಳನ್ನು ಒಂದು ಸಣ್ಣ ಕೊಳವೆಯಲ್ಲಿ ಹರಿಸಿ ಬೇರ್ಪಡಿಸಿ, ವಿದ್ಯುದಾವೇಶ ಕೊಟ್ಟು, ಒಡೆದು, ಚೂರುಗಳ ತೂಕ ನೋಡುತ್ತಾರೆ. ದುಬಾರಿ ಯಂತ್ರ, ನುರಿತ ಕೈ ಬೇಕು. ಚೆನ್ನಾಗಿ ನಡೆಸಿದರೆ ಇದರಷ್ಟು ನಂಬಿಕೆಗೆ ಅರ್ಹವಾದ ವಿಧಾನ ದಿನನಿತ್ಯದ ಲ್ಯಾಬುಗಳಲ್ಲಿ ಬೇರೆ ಇಲ್ಲ.

ಆದರೂ ಇದಕ್ಕೂ ಒಂದು ಕುರುಡು ಜಾಗವಿದೆ. ರಕ್ತದಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿಯ ಹತ್ತಿರದ ಸಂಬಂಧಿಗಳು ಹಲವಿವೆ. ಅವುಗಳಲ್ಲಿ ‘ಎಪಿಮರ್’ ಎಂಬುದು ಅಸಲಿನ ಪಡಿಯಚ್ಚು. ಪರಮಾಣುಗಳು ಅವೇ, ತೂಕ ಅದೇ. ಒಂದು ಮೂಲೆಯಲ್ಲಿರುವ ಆಮ್ಲಜನಕ-ಜಲಜನಕದ ಜೋಡಿ ಮಾತ್ರ ಆಚೆ ದಿಕ್ಕಿಗೆ ಮುಖ ಮಾಡಿರುತ್ತದೆ. ತೂಕ ನೋಡುವ ಯಂತ್ರಕ್ಕೆ ಎರಡೂ ಒಂದೇ. ಕೊಳವೆಯಲ್ಲೇ ಬೇರ್ಪಡಿಸುವ ವ್ಯವಸ್ಥೆ ಇಲ್ಲದಿದ್ದರೆ ಎರಡನ್ನೂ ಕೂಡಿಸಿ ಬರೆದುಬಿಡುತ್ತದೆ. ದೊಡ್ಡವರಲ್ಲಿ ಎಪಿಮರ್ ಕಡಿಮೆ ಇರುವುದರಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಒಂದು ವರ್ಷದೊಳಗಿನ ಕೂಸುಗಳಲ್ಲಿ ಹಾಗಲ್ಲ. ಕೆಲವು ಶಿಶುಗಳಲ್ಲಿ ಒಟ್ಟು ಲೆಕ್ಕದ ಅರ್ಧಕ್ಕಿಂತ ಜಾಸ್ತಿ ಎಪಿಮರೇ ಇದ್ದದ್ದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂತು. ಅಂದರೆ ಕೊರತೆ ಇರುವ ಮಗುವಿನ ರಿಪೋರ್ಟ್ ಸರಿಯಿದೆ ಎಂದು ಬರಬಹುದು. ಈ ವಿಷಯದಲ್ಲಿ ಪ್ರತಿಕಾಯದ ವಿಧಾನವೇ ಮೇಲು. ಹೆಚ್ಚಿನ ಕಿಟ್‌ಗಳು ಈ ಎಪಿಮರನ್ನು ಹಿಡಿಯುವುದೇ ಇಲ್ಲ.

ಪ್ರತಿಕಾಯಗಳು ಎಡವುವುದು ಬೇರೆ ಕಡೆ. ಅಣಬೆ, ಯೀಸ್ಟ್‌ಗಳಿಂದ ಸಿಗುವ ವಿಟಮಿನ್ ಡಿ2 ಸಸ್ಯಾಹಾರಿಗಳಿಗೆಂದು ಮಾಡಿದ ಮಾತ್ರೆಗಳಲ್ಲಿ, ಪೌಷ್ಟಿಕಾಂಶ ಬೆರೆಸಿದ ಕೆಲವು ಆಹಾರಗಳಲ್ಲಿ ಇರುತ್ತದೆ. ಕೆಲವು ಕಿಟ್‌ಗಳು ಡಿ3 ಅನ್ನು ಹಿಡಿದಷ್ಟು ಚೆನ್ನಾಗಿ ಡಿ2 ಅನ್ನು ಹಿಡಿಯುವುದಿಲ್ಲ. ಪಾಪ, ತಿಂಗಳುಗಟ್ಟಲೆ ಡಿ2 ಮಾತ್ರೆ ತೆಗೆದುಕೊಂಡವರ ರಿಪೋರ್ಟಿನಲ್ಲಿ ಅದು ಪೂರ್ತಿ ಕಾಣಿಸುವುದೇ ಇಲ್ಲ. ಅದಕ್ಕೆ ಪ್ರತಿಯಾಗಿ, ದೇಹ ಬಳಸಿ ಹೊರಹಾಕಲು ಸಿದ್ಧ ಮಾಡಿದ ‘24,25’ ಎಂಬ ರೂಪವನ್ನು ಕೆಲವು ಕಿಟ್‌ಗಳು ಅಸಲಿ ಎಂದು ತಿಳಿದು ಸೇರಿಸಿಕೊಳ್ಳುತ್ತವೆ.

ಕೂದಲು, ಉಗುರಿಗೆಂದು ಬಯೋಟಿನ್ ಮಾತ್ರೆ ನುಂಗುವವರು ಇದನ್ನು ಗಮನವಿಟ್ಟು ಓದಬೇಕು. ದೇಹಕ್ಕೆ ದಿನಕ್ಕೆ ಬೇಕಾದ ಬಯೋಟಿನ್ 30-40 ಮೈಕ್ರೋಗ್ರಾಂ ಅಷ್ಟೇ. ಕೂದಲ ಮಾತ್ರೆಗಳಲ್ಲಿ 5,000, 10,000 ಮೈಕ್ರೋಗ್ರಾಂ ಇರುವುದುಂಟು. ಹಲವು ಯಂತ್ರಗಳು ಬೆಳಕಿನ ಗುರುತನ್ನು ಹಿಡಿದಿಡಲು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುತ್ತವೆ. ರಕ್ತದಲ್ಲಿ ಸುಮ್ನೆ ತೇಲುವ ಬಯೋಟಿನ್ ಜಾಸ್ತಿ ಇದ್ದರೆ ಆ ಕೊಂಡಿಗಳು ಮೊದಲೇ ಭರ್ತಿಯಾಗುತ್ತವೆ. ಬೆಳಕು ಕಡಿಮೆಯಾಗುತ್ತದೆ. ವಿಟಮಿನ್ ಡಿ ಸಾಕಷ್ಟಿದೆ ಎಂದು ಯಂತ್ರ ಸುಳ್ಳು ಹೇಳುತ್ತದೆ. ಇದೇ ಕಾರಣಕ್ಕೆ ಥೈರಾಯ್ಡ್, ಹೃದಯಾಘಾತದ ಟ್ರೋಪೋನಿನ್ ಪರೀಕ್ಷೆಗಳೂ ತಪ್ಪಬಹುದು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ರಕ್ತ ಕೊಡುವ ಮುಂಚೆ ಎಷ್ಟು ದಿನ ನಿಲ್ಲಿಸಬೇಕೆಂದು ಡಾಕ್ಟರನ್ನು ಕೇಳಿ. ರಕ್ತ ತೆಗೆಯುವವರಿಗೂ ತಿಳಿಸಿ.

ಅಳತೆಯ ತಪ್ಪು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಒಂದು ಉದಾಹರಣೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಅಲ್ಲಿನ ಕಪ್ಪು ಜನರ ರಕ್ತದಲ್ಲಿ 25-ಹೈಡ್ರಾಕ್ಸಿ ವಿಟಮಿನ್ ಡಿ ಬಿಳಿಯರಿಗಿಂತ ಕಡಿಮೆ ಇರುತ್ತದೆ. ಆದರೂ ಅವರ ಮೂಳೆಗಳು ಹೆಚ್ಚು ಗಟ್ಟಿ, ಮುರಿತವೂ ಕಡಿಮೆ. ಇದು ಹೇಗೆ? 2013ರಲ್ಲಿ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಉತ್ತರ ಬಂತು. ಕಪ್ಪು ಜನರಲ್ಲಿ ಬೈಂಡಿಂಗ್ ಪ್ರೋಟೀನೇ ಕಡಿಮೆ, ಹಾಗಾಗಿ ದೇಹಕ್ಕೆ ಸಿಗುವ ಪಾಲು ಇಬ್ಬರಲ್ಲೂ ಸಮ ಎಂದರು. ಎಲ್ಲರೂ ತಲೆದೂಗಿದರು. ಆಮೇಲೆ ಬೇರೆ ಸಂಶೋಧಕರು ಬೇರೆ ವಿಧಾನದಿಂದ ಅದೇ ಪ್ರೋಟೀನನ್ನು ಅಳೆದರು. ಕಡಿಮೆ ಇರಲೇ ಇಲ್ಲ! ಈ ಪ್ರೋಟೀನಿಗೆ ವಂಶವಾಹಿಯ ಪ್ರಕಾರ ಮೂರು ಮುಖ್ಯ ರೂಪಗಳಿವೆ. ಆಫ್ರಿಕಾ ಮೂಲದವರಲ್ಲಿ ಹೆಚ್ಚಾಗಿರುವ ರೂಪವನ್ನು ಮೊದಲ ಅಧ್ಯಯನದ ಕಿಟ್ ಸರಿಯಾಗಿ ಗುರುತಿಸುತ್ತಿರಲಿಲ್ಲ. ಒಂದು ಕಿಟ್‌ನ ದೋಷ ಎರಡು ಜನಾಂಗಗಳ ನಡುವಿನ ವ್ಯತ್ಯಾಸದಂತೆ ಕಂಡಿತ್ತು. ಮೂಳೆಯ ಒಗಟು ಹಾಗೇ ಉಳಿಯಿತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲೂ ಇಂಥದ್ದೇ ಆಗಿದೆ. 1988-94ಕ್ಕೆ ಹೋಲಿಸಿದರೆ 2000-04ರಲ್ಲಿ ಜನರ ವಿಟಮಿನ್ ಡಿ ಕುಸಿದಂತೆ ಕಂಡಿತು. ಪರಿಶೀಲಿಸಿದಾಗ ಆ ಕುಸಿತದ ಒಂದು ದೊಡ್ಡ ಪಾಲು ಪರೀಕ್ಷೆಯ ಕಿಟ್ ಬದಲಾದದ್ದರಿಂದ ಬಂದಿತ್ತು.

ಈ ಗೊಂದಲ ಸರಿಪಡಿಸಲು ಗಂಭೀರ ಪ್ರಯತ್ನಗಳು ನಡೆದಿವೆ. ಬ್ರಿಟನ್ನಿನಲ್ಲಿ 1989ರಲ್ಲಿ ‘ಡೀಕ್ವಾಸ್’ ಎಂಬ ವ್ಯವಸ್ಥೆ ಶುರುವಾಯಿತು. ಅದು ಹಲವು ದೇಶಗಳ ಲ್ಯಾಬುಗಳಿಗೆ ಒಂದೇ ರಕ್ತದ ಸ್ಯಾಂಪಲ್ ಕಳಿಸಿ, ಯಾರು ಎಷ್ಟು ಬರೆದರು ಎಂದು ಹೋಲಿಸುತ್ತದೆ. 2009ರಲ್ಲಿ ಅಮೆರಿಕದ ಮಾನಕ ಸಂಸ್ಥೆ, ಪ್ರಮಾಣ ಖಚಿತವಾಗಿ ಗೊತ್ತಿರುವ ರಕ್ತದ ಮಾದರಿಗಳನ್ನು ಹೊರತಂದಿತು. ಯಂತ್ರ ಸರಿ ಓದುತ್ತದೆಯೇ ಎಂದು ಅದನ್ನಿಟ್ಟು ಪರೀಕ್ಷಿಸಬಹುದು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಈ ಮಾನಕ ಸಂಸ್ಥೆ, ಬೆಲ್ಜಿಯಂನ ಗೆಂಟ್ ವಿಶ್ವವಿದ್ಯಾಲಯ ಮುಂತಾದವನ್ನು ಸೇರಿಸಿಕೊಂಡು ವಿಟಮಿನ್ ಡಿ ಏಕರೂಪತೆಯ ಕಾರ್ಯಕ್ರಮ ಶುರುಮಾಡಿದರು. ಅವರ ಪ್ರಕಾರ ಒಂದು ಲ್ಯಾಬ್ ಸರಾಸರಿ 5%ಗಿಂತ ಆಚೀಚೆ ಹೋಗಬಾರದು. ಅದೇ ಸ್ಯಾಂಪಲ್ಲನ್ನು ಮತ್ತೆ ಮತ್ತೆ ಅಳೆದಾಗಿನ ಏರುಪೇರು 10% ಒಳಗಿರಬೇಕು.

ಇದರಿಂದ ಪರಿಸ್ಥಿತಿ ನಿಜವಾಗಿಯೂ ಸುಧಾರಿಸಿದೆ. ಆದರೆ ಆ 10% ಅಂದರೇನು ಎಂದು ಲೆಕ್ಕ ಹಾಕಿ ನೋಡಿ. ನಿಮ್ಮ ನಿಜವಾದ ಮಟ್ಟ 20 ಇದೆ ಎಂದುಕೊಳ್ಳಿ. ಅಂಥ ಯಂತ್ರ 100ರಲ್ಲಿ 95 ಸಲ 16ರಿಂದ 24ರ ನಡುವೆ ಯಾವುದೋ ಸಂಖ್ಯೆ ಕೊಡುತ್ತದೆ. ಅದೂ ಯಂತ್ರ ಚೆನ್ನಾಗಿ ಕೆಲಸ ಮಾಡುವಾಗ. ದೇಹದೊಳಗಿನ ಸಹಜ ಏರಿಳಿತ ಬೇರೆ ಸೇರುತ್ತದೆ. ಎರಡನ್ನೂ ಕೂಡಿಸಿದರೆ, ಎರಡು ರಿಪೋರ್ಟ್‌ಗಳ ನಡುವೆ ಸುಮಾರು ಮೂರನೇ ಒಂದು ಪಾಲಿನಷ್ಟು ವ್ಯತ್ಯಾಸ ಇಲ್ಲದಿದ್ದರೆ ‘ಏರಿತು’, ‘ಇಳಿಯಿತು’ ಎಂದು ಧೈರ್ಯವಾಗಿ ಹೇಳಲಾಗದು. 18 ಹೋಗಿ 22 ಬಂದರೆ ಮಾತ್ರೆ ಕೆಲಸ ಮಾಡಿತು ಎನ್ನಲು ಆಗುವುದಿಲ್ಲ. 22 ಹೋಗಿ 18 ಬಂದರೆ ಭಯಪಡಬೇಕಿಲ್ಲ. ರಿಪೋರ್ಟಿನಲ್ಲಿ 18.4 ಎಂದು ದಶಮಾಂಶ ಹಾಕಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ. ಆ ‘.4’ಕ್ಕೆ ಯಾವ ಅರ್ಥವೂ ಇಲ್ಲ. ಓದುವವರಿಗೆ ಇಲ್ಲದ ಖಚಿತತೆಯನ್ನು ಅದು ಕೊಡುತ್ತದೆ.

ಇನ್ನು ಗೆರೆಯ ವಿಷಯ. ಹೆಚ್ಚಿನ ರಿಪೋರ್ಟ್‌ಗಳಲ್ಲಿ 20ಕ್ಕಿಂತ ಕೆಳಗಿದ್ದರೆ ಕೊರತೆ, 20ರಿಂದ 30 ‘ಸಾಲದು’, 30 ದಾಟಿದರೆ ಸಾಕು ಎಂದಿರುತ್ತದೆ. ಇದು ಅಮೆರಿಕದ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿ 2011ರಲ್ಲಿ ಹೇಳಿದ ಲೆಕ್ಕ. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್‌ನ ಲೆಕ್ಕ ಬೇರೆ ಇತ್ತು. ಅದರ ಪ್ರಕಾರ ಅರ್ಧದಷ್ಟು ಜನರ ಅಗತ್ಯ 16ರಲ್ಲೇ ತೀರುತ್ತದೆ. 20 ಇದ್ದರೆ 97.5% ಜನರಿಗೆ ಸಾಕು. ಅಂದರೆ 20 ಎಂಬುದು ಹೆಚ್ಚುಕಡಿಮೆ ಎಲ್ಲರಿಗೂ ಸಾಕಾಗುವ ಮಟ್ಟ. ಅದಕ್ಕಿಂತ ಕೆಳಗಿರುವವರೆಲ್ಲ ರೋಗಿಗಳು ಎಂದು ಅದರ ಅರ್ಥವಲ್ಲ. ಈ ಸಂಖ್ಯೆಯನ್ನು ತಪ್ಪಾಗಿ ಬಳಸುತ್ತಿದ್ದಾರೆ ಎಂದು ಇನ್‌ಸ್ಟಿಟ್ಯೂಟ್‌ಗೆ ಆ ಲೆಕ್ಕ ಹಾಕಿಕೊಟ್ಟ ಸಮಿತಿಯ ಕೆಲವು ಸದಸ್ಯರೇ 2016ರಲ್ಲಿ ಬರೆದರು. 2024ರಲ್ಲಿ ಎಂಡೋಕ್ರೈನ್ ಸೊಸೈಟಿಯೂ 30ರ ಗುರಿಯನ್ನು ಕೈಬಿಟ್ಟಿತು. ಆರೋಗ್ಯವಾಗಿರುವ ದೊಡ್ಡವರಿಗೆ ಸುಮ್ನೆ ಈ ಪರೀಕ್ಷೆ ಮಾಡಿಸಬೇಡಿ ಎಂದೂ ಹೇಳಿತು. ನಮ್ಮ ರಿಪೋರ್ಟ್‌ಗಳಲ್ಲಿ ಹಳೇ ಗೆರೆ ಇನ್ನೂ ಕಾಣುತ್ತದೆ.

ಗೆರೆ ಸರಿದರೆ ಏನಾಗುತ್ತದೆ? ಯುರೋಪಿನಲ್ಲಿ 55,844 ಜನರ ಮಾಹಿತಿಯನ್ನು ಏಕರೂಪಕ್ಕೆ ತಂದು 2016ರಲ್ಲಿ ಪ್ರಕಟಿಸಿದರು. 12ಕ್ಕಿಂತ ಕಡಿಮೆ ಇದ್ದವರು 13%. ಗೆರೆಯನ್ನು 20ಕ್ಕೆ ಏರಿಸಿದರೆ 40%. ರಕ್ತ ಅದೇ, ಅಳತೆ ಅದೇ, ‘ರೋಗಿಗಳು’ ಮಾತ್ರ ಮೂರು ಪಟ್ಟು.

ನಮ್ಮ ದೇಶದ ಕಥೆಯೂ ಇದೇ. ಭಾರತೀಯರಲ್ಲಿ ಮುಕ್ಕಾಲು ಪಾಲು ಜನರಿಗೆ ವಿಟಮಿನ್ ಡಿ ಕೊರತೆ ಎಂಬ ಸುದ್ದಿಯನ್ನು ಎಲ್ಲರೂ ಓದಿರುತ್ತೇವೆ. 20 ಅಥವಾ 30ರ ಗೆರೆ ಹಾಕಿದ ಅಧ್ಯಯನಗಳಿಂದ ಇಂಥ ಮಾತು ಬರುತ್ತದೆ. 2016-18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ದೇಶದ ಮಕ್ಕಳ ರಕ್ತ ಪರೀಕ್ಷಿಸಿದಾಗ 12ರ ಗೆರೆ ಇಟ್ಟುಕೊಂಡಿತು. 1-4 ವರ್ಷದವರಲ್ಲಿ 14%, 5-9ರಲ್ಲಿ 18%, 10-19ರಲ್ಲಿ 24% ಮಕ್ಕಳಿಗೆ ಕೊರತೆ ಕಂಡಿತು. ಇದು ಸಣ್ಣ ಸಂಖ್ಯೆಯಲ್ಲ. ಹದಿಹರೆಯದ ನಾಲ್ವರಲ್ಲಿ ಒಬ್ಬರಿಗೆ ಹತ್ತಿರ. ಇವರಿಗೆ ನೆರವು ಬೇಕೇ ಬೇಕು. ಎಲ್ಲರಿಗೂ ಕೊರತೆ ಎಂದು ಕೂಗಿದರೆ ನಿಜವಾಗಿ ಕಷ್ಟದಲ್ಲಿರುವ ಈ ಮಕ್ಕಳು ಗುಂಪಿನಲ್ಲಿ ಕಳೆದುಹೋಗುತ್ತಾರೆ. ನನಗೆ ನೋವಾಗುವುದು ಇದೇ.

ಇಷ್ಟು ಬಿಸಿಲಿನ ನಾಡಿನಲ್ಲಿ ಕೊರತೆ ಏಕೆ ಎಂದು ಕೇಳುವವರಿಗೆ ಚಿಕ್ಕ ಉತ್ತರ: ಯುವಿಬಿ ಗಾಜನ್ನು ದಾಟುವುದಿಲ್ಲ, ಹೊಗೆ ಮೋಡಗಳಲ್ಲಿ ಕಡಿಮೆಯಾಗುತ್ತದೆ, ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕು. ತಿರುಪತಿಯಲ್ಲಿ ನಡೆದ ಅಧ್ಯಯನದ ಪ್ರಕಾರ ವಿಟಮಿನ್ ಡಿ ಚೆನ್ನಾಗಿ ತಯಾರಾಗುವುದು ಬೆಳಗ್ಗೆ 11ರಿಂದ ಮಧ್ಯಾಹ್ನ 2ರವರೆಗೆ. ಮುಂಜಾನೆ ಎಳೆಬಿಸಿಲು ಹಿತ, ಆದರೆ ಈ ಕೆಲಸಕ್ಕೆ ಸಾಲದು.

ಹಾಗಾದರೆ ಪರೀಕ್ಷೆ ಯಾರಿಗೆ ಬೇಕು? ಕಾಲು ಬಾಗಿದ, ಬೆಳವಣಿಗೆ ಕುಂಠಿತವಾದ ಮಕ್ಕಳಿಗೆ. ಸೊಂಟ, ತೊಡೆಯ ಮೂಳೆ ನೋವು ಇದ್ದು ಕೂತಲ್ಲಿಂದ ಏಳಲು ಕಷ್ಟಪಡುವವರಿಗೆ. ಮೂಳೆ ಸವೆತಕ್ಕೆ ಇಂಜೆಕ್ಷನ್ ಚಿಕಿತ್ಸೆ ಶುರುಮಾಡುವವರಿಗೆ. ಕಿಡ್ನಿ, ಲಿವರ್ ತೊಂದರೆ ಇರುವವರಿಗೆ, ಕರುಳು ಪೋಷಕಾಂಶ ಹೀರದ ಕಾಯಿಲೆಯವರಿಗೆ, ಬಹುಕಾಲ ಫಿನಿಟೋಯಿನ್‌ನಂಥ ಫಿಟ್ಸ್ ಮಾತ್ರೆ ತೆಗೆದುಕೊಳ್ಳುವವರಿಗೆ. ಇಂಥ ಕಡೆ ಡಾಕ್ಟರು ಕ್ಯಾಲ್ಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಪ್ಯಾರಾಥೈರಾಯ್ಡ್ ಹಾರ್ಮೋನ್‌ಗಳನ್ನೂ ನೋಡುತ್ತಾರೆ. 25-ಹೈಡ್ರಾಕ್ಸಿ 11 ಇದ್ದು, ಜೊತೆಗೆ ಪ್ಯಾರಾಥೈರಾಯ್ಡ್ ಹಾರ್ಮೋನ್, ಫಾಸ್ಫಟೇಸ್ ಏರಿದ್ದರೆ ಅದು ಗಟ್ಟಿ ಸಾಕ್ಷಿ. ಬರೀ 18 ಇದ್ದು ಉಳಿದದ್ದೆಲ್ಲ ಸರಿಯಿದ್ದರೆ ಅವಸರ ಬೇಕಿಲ್ಲ. ಜ್ವರ ಬಂದಾಗ, ಆಪರೇಷನ್ ಆದ ಹೊಸತರಲ್ಲಿ ಪರೀಕ್ಷೆ ಬೇಡ. ಉರಿಯೂತ ಇದ್ದಾಗ ಈ ಮಟ್ಟ ತಾನಾಗಿಯೇ ಇಳಿಯುತ್ತದೆ.

60,000 ಯೂನಿಟ್ಟಿನ ಸ್ಯಾಶೆ ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದು ತಿಳಿದು ನುಂಗಿದರೆ ಅಪಾಯ ನಿಜ. ಮಟ್ಟ 150 ದಾಟಿದಾಗ ರಕ್ತದ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಗೊಂದಲ ಶುರುವಾಗುತ್ತದೆ. ಕಿಡ್ನಿಗೂ ಪೆಟ್ಟು ಬೀಳುತ್ತದೆ. ಎಷ್ಟು ವಾರ, ಯಾವಾಗ ನಿಲ್ಲಿಸಬೇಕು ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ.

ಚಿಕಿತ್ಸೆ ಶುರುವಾದ ಮೇಲೆ ಮತ್ತೆ ನೋಡುವುದಿದ್ದರೆ ಸುಮಾರು ಮೂರು ತಿಂಗಳು ಬಿಡಿ. ಅದಕ್ಕೆ ಮೊದಲು ಮಟ್ಟ ಒಂದು ಹದಕ್ಕೆ ಬಂದಿರುವುದಿಲ್ಲ. ಮೊದಲು ಹೋದ ಲ್ಯಾಬಿಗೇ ಹೋಗಿ, ಅದೇ ವಿಧಾನದಲ್ಲಿ ಮಾಡಿಸಿ. ವಿಧಾನದ ಹೆಸರು ರಿಪೋರ್ಟಿನ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ, ಇಲ್ಲದಿದ್ದರೆ ಕೇಳಿ. ಎನ್‌ಎಬಿಎಲ್ (ಲ್ಯಾಬುಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ಒಳ್ಳೆಯದು. ವಿದೇಶದಲ್ಲಿರುವ ಮಗಳೋ ಮಗನೋ ತಮ್ಮ ರಿಪೋರ್ಟಿನಲ್ಲಿ 50 ಬಂದಿದೆ ಎಂದರೆ ಹೋಲಿಸುವ ಮುಂಚೆ ಯೂನಿಟ್ ಕೇಳಿ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಲೀಟರಿಗೆ ಇಷ್ಟು ನ್ಯಾನೋಮೋಲ್ ಎಂಬ ಲೆಕ್ಕ, ನಮ್ಮದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂಬ ಲೆಕ್ಕ. ಅವರ ಸಂಖ್ಯೆಯನ್ನು 2.5ರಿಂದ ಭಾಗಿಸಬೇಕು. ಅವರ 50 ನಮ್ಮ 20.